ಒಳಗೇ ಉಳಿದವಳು

ವಿಜಯನಗರದಲ್ಲಿ ಮೆಟ್ರೋ ಹತ್ತಿ ಜ್ಞಾನಭಾರತಿಯಲ್ಲಿ ಇಳಿಯುವುದು ಪಿಎಚ್‌ಡಿಗೆ ಸೇರಿದಾಗಿನಿಂದ ನನ್ನ ದಿನಚರಿ. ಅದೇ ರೈಲು ಮುಂದೆ ಕೆಂಗೇರಿಗೆ ಹೋಗುತ್ತದೆ. ನಾನು ಮಾತ್ರ ಒಂದು ದಿನವೂ ಅಲ್ಲಿಯವರೆಗೆ ಹೋದವಳಲ್ಲ. ಕೆಂಗೇರಿಯಾಚೆಯ ಒಂದು ವಸತಿ ಶಾಲೆಯಿಂದ, ಒಂಬತ್ತನೇ ತರಗತಿಯಲ್ಲಿದ್ದಾಗ, ನಾನು ಓಡಿಬಂದಿದ್ದೆ.

ಅಲ್ಲಿ ಊಟಕ್ಕೆ ಕೊರತೆಯಿರಲಿಲ್ಲ. ಆದರೆ ಮನೆಗೆ ಫೋನ್ ಮಾಡುವಾಗ ವಾರ್ಡನ್ ಪಕ್ಕದಲ್ಲೇ ನಿಂತಿರುತ್ತಿದ್ದರು. ರಾತ್ರಿ ಅತ್ತ ಹುಡುಗಿಯರನ್ನು ಬೆಳಗಾಗುವವರೆಗೆ ಮೆಟ್ಟಿಲ ಮೇಲೆ ಕೂರಿಸುತ್ತಿದ್ದರು. ಒಂದು ಭಾನುವಾರ, ಪೋಷಕರು ಬಂದುಹೋಗುವ ಗದ್ದಲದಲ್ಲಿ ಗೇಟು ದಾಟಿದೆ. ಏಳನೇ ತರಗತಿಯ ಹುಡುಗಿಯೊಬ್ಬಳು ನನ್ನ ತೋಳು ಹಿಡಿದುಕೊಂಡಿದ್ದಳು. “ಅಕ್ಕಾ, ನಾನೂ ಬರ್ತೀನಿ.” ನನ್ನ ಹತ್ತಿರ ಒಬ್ಬರ ಬಸ್ಸಿಗಾಗುವಷ್ಟೇ ದುಡ್ಡಿತ್ತು. “ಇಲ್ಲೇ ಇರು, ಅಪ್ಪನ್ನ ಕರ್ಕೊಂಡು ಬರ್ತೀನಿ” ಎಂದೆ.

ಮರುದಿನ ನನ್ನ ಟ್ರಂಕು ತರಲು ಹೊರಟ ಅಪ್ಪ, “ಬೇರೆ ಮಕ್ಕಳಿಗೂ ಹೀಗೇನಾ?” ಎಂದು ಕೇಳಿದರು. ಹೌದೆಂದರೆ ನನ್ನನ್ನೂ ಜೊತೆಗೆ ಕರೆದೊಯ್ದು ಅಲ್ಲಿ ಮಾತಾಡಿಸುತ್ತಾರೆಂದು ಹೆದರಿ, “ಇಲ್ಲ, ನನಗೆ ಮಾತ್ರ” ಎಂದೆ.

ನನ್ನ ಸಂಶೋಧನೆ ಮಹಿಳೆಯರ ಆತ್ಮಕಥನಗಳ ಬಗ್ಗೆ. ಹಾಗಾಗಿ ಮೋಲಿ ಕ್ರೇಗ್ ಸಿಕ್ಕಳು. ಪಶ್ಚಿಮ ಆಸ್ಟ್ರೇಲಿಯಾದ ಸರ್ಕಾರ, ಬಿಳಿಯ ತಂದೆಗೆ ಹುಟ್ಟಿದ ಮೂಲನಿವಾಸಿ ಮಕ್ಕಳನ್ನು ತಾಯಂದಿರಿಂದ ಕಿತ್ತು ಮೂರ್ ರಿವರ್‌ನಂಥ ವಸತಿಗಳಲ್ಲಿ ಕೂಡಿಡುತ್ತಿತ್ತು. 1931ರಲ್ಲಿ 14ರ ಮೋಲಿ, ತಂಗಿ ಡೇಸಿ ಮತ್ತು ಬಂಧು ಗ್ರೇಸಿಯ ಜೊತೆ ಅಲ್ಲಿಂದ ಓಡಿದಳು. ಮೊಲಗಳನ್ನು ತಡೆಯಲು ಕಟ್ಟಿದ್ದ ಬೇಲಿಯ ಗುರುತು ಹಿಡಿದು ಸುಮಾರು 1,600 ಕಿಲೋಮೀಟರ್ ನಡೆದರು. ಗ್ರೇಸಿ ದಾರಿಯಲ್ಲಿ ಸಿಕ್ಕಿಬಿದ್ದಳು. ಉಳಿದಿಬ್ಬರು ಮನೆ ಸೇರಿದರು. 2002ರ ‘ರ‍್ಯಾಬಿಟ್-ಪ್ರೂಫ್ ಫೆನ್ಸ್’ ಸಿನಿಮಾ ನೋಡಿದವರಿಗೆ ಇಷ್ಟು ಗೊತ್ತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ನಂತರದ ಕಥೆ. 1940ರಲ್ಲಿ, ಸ್ವಾತಂತ್ರ್ಯ ಉಳಿಸಬೇಕೆಂದು ಆಸ್ಟ್ರೇಲಿಯಾ ದೂರದ ಯುದ್ಧಕ್ಕೆ ಸೈನಿಕರನ್ನು ಕಳಿಸುತ್ತಿದ್ದ ಹೊತ್ತಿನಲ್ಲಿ, ಮೋಲಿಯನ್ನು ಅವಳ ಇಬ್ಬರು ಹೆಣ್ಣುಮಕ್ಕಳೊಂದಿಗೆ ಮತ್ತೆ ಮೂರ್ ರಿವರ್‌ಗೆ ತಂದರು. 1941ರ ಜನವರಿ 1ರಂದು ಅವಳು ಮತ್ತೊಮ್ಮೆ ಓಡಿದಳು. ಎತ್ತಿಕೊಂಡು ಹೋಗಲಾದದ್ದು ಒಂದೂವರೆ ವರ್ಷದ ಅನಾಬೆಲ್‌ಳನ್ನು ಮಾತ್ರ. ದೊಡ್ಡವಳು ಡೋರಿಸ್ ಒಳಗೇ ಉಳಿದಳು. ಅವಳು ತಾಯಿಯನ್ನು ಮತ್ತೆ ಕಂಡದ್ದು 1962ರಲ್ಲಿ. ತಾಯಿಯ ಮೊದಲ ನಡಿಗೆಯನ್ನು 1996ರಲ್ಲಿ ಪುಸ್ತಕವಾಗಿ ಬರೆದವಳು ಅದೇ ಡೋರಿಸ್ ಪಿಲ್ಕಿಂಗ್ಟನ್.

ದೂರದ ದೇಶದ ಮಾತೆಂದು ಪುಸ್ತಕ ಮುಚ್ಚಿಡುವ ಹಾಗಿರಲಿಲ್ಲ. ಹುಬ್ಬಳ್ಳಿಯಲ್ಲಿ ‘ಸೆಟ್ಲಮೆಂಟ್’ ಎಂಬ ಬಡಾವಣೆ ಇಂದಿಗೂ ಇದೆ. ಬ್ರಿಟಿಷ್ ಸರ್ಕಾರ ‘ಅಪರಾಧಿ ಬುಡಕಟ್ಟು’ ಎಂಬ ಹಣೆಪಟ್ಟಿ ಹಚ್ಚಿದವರನ್ನು ಕೂಡಿಟ್ಟ ಜಾಗ ಅದು. ಆ ಬುಡಕಟ್ಟುಗಳ ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸಿ ಸುಧಾರಣಾ ಶಾಲೆಗೆ ಹಾಕಲು 1924ರ ಕಾಯ್ದೆಯಲ್ಲೇ ಅವಕಾಶವಿತ್ತು. ಅದು ರದ್ದಾದದ್ದು 1952ರಲ್ಲಿ.

ನನ್ನ ಕಷ್ಟವನ್ನು ಇದರ ಪಕ್ಕ ಇಡಲು ನಾಚಿಕೆಯಾಗುತ್ತದೆ. ನನ್ನ ಹಾಸ್ಟೆಲ್‌ಗೆ ಫೀಸು ಕಟ್ಟಿ ಸೇರಿಸಿದವರು ನಮ್ಮಪ್ಪನೇ. ಓಡಿಬಂದವಳಿಗೆ ಬಾಗಿಲು ತೆರೆದವರೂ ಅವರೇ. ಮೋಲಿಯ ತೋಳಲ್ಲಿ ಇನ್ನೊಂದು ಮಗುವಿಗೆ ಜಾಗವಿರಲಿಲ್ಲ. ನನಗೆ ಬೇಕಾಗಿದ್ದದ್ದು ಒಂದು ‘ಹೌದು’ ಅಷ್ಟೇ. ಓಡಿಬಂದದ್ದನ್ನು ಗೆಳತಿಯರ ಮುಂದೆ ಧೈರ್ಯದ ಕಥೆಯಾಗಿ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಗೇಟಿನ ಬಳಿ ನಿಂತವಳನ್ನು ಪ್ರತಿ ಸಲವೂ ಬಿಟ್ಟೇ ಹೇಳಿದ್ದೇನೆ.

ಮೊನ್ನೆ ರಾತ್ರಿ ಊಟಕ್ಕೆ ಕೂತಾಗ, “ಅಪ್ಪಾ, ಅವತ್ತು ನಾನು ಸುಳ್ಳು ಹೇಳಿದ್ದೆ” ಎಂದು ಎಲ್ಲವನ್ನೂ ಹೇಳಿದೆ. ಅಪ್ಪ ಕಲಸಿದ ಅನ್ನವನ್ನು ತಟ್ಟೆಯಲ್ಲೇ ಬಿಟ್ಟು ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು:

“ಆ ಮಗು ಹೆಸರೇನಮ್ಮ?”

ಹೇಳಿದೆ. ಇಷ್ಟು ವರ್ಷಗಳಲ್ಲಿ ಆ ಹೆಸರು ನನ್ನ ಬಾಯಿಂದ ಬಂದದ್ದು ಅದೇ ಮೊದಲು.