ಗಾಡಿ ನಂಬರು

ನನಗೆ ಕಾರು ಓಡಿಸಲು ಬರುವುದಿಲ್ಲ. ಕಲಿಯುವ ವಯಸ್ಸಿನಲ್ಲಿ ಹಣವಿರಲಿಲ್ಲ. ಹಣ ಬಂದಾಗ ಧೈರ್ಯವಿರಲಿಲ್ಲ. ಈಗ ಎರಡೂ ಅಷ್ಟಕ್ಕಷ್ಟೆ. ಹೀಗಾಗಿ, ಬೆಂಗಳೂರಿನ ಪಶ್ಚಿಮದ ಅಂಚಿನಲ್ಲಿ ಕೆಂಗೇರಿಯ ಬಳಿ ಮನೆ ಮಾಡಿಕೊಂಡಿರುವ ನಾನು ಬಸ್ಸು, ಮೆಟ್ರೊ, ಆಟೊಗಳ ದಾಕ್ಷಿಣ್ಯದಲ್ಲಿ ಬದುಕುತ್ತಿದ್ದೇನೆ. ಮೂರೂ ಕೈಕೊಟ್ಟ ದಿನ ನಟರಾಜ ಸರ್ವಿಸ್ ಇದ್ದೇ ಇದೆ.

ಇದರಿಂದ ನನಗೇನೂ ಬೇಸರವಿಲ್ಲ. ಬೇಸರವೆಲ್ಲ ಬೇರೆಯವರಿಗೆ. ಯಾರ ಮನೆಗೆ ಹೋದರೂ ಮೊದಲು "ಯಾವಾಗ ಬಂದಿರಿ?" ಎನ್ನುತ್ತಿದ್ದರು, ಈಗ "ಹೇಗೆ ಬಂದಿರಿ?" ಎನ್ನುತ್ತಾರೆ. ಹೊರಡುವಾಗ "ಹೇಗೆ ಹೋಗುತ್ತೀರಿ?" ಎಂಬ ಇನ್ನೊಂದು ಪ್ರಶ್ನೆ. ಆ ಧ್ವನಿಯಲ್ಲಿ ಕಾಯಿಲೆಯವರನ್ನು ವಿಚಾರಿಸುವಾಗಿನ ಮರುಕವಿರುತ್ತದೆ.

ನನ್ನ ಬಾಲ್ಯಸ್ನೇಹಿತನೊಬ್ಬ ಊರಿನ ಪೂರ್ವದ ತುದಿಯಲ್ಲಿ, ವೈಟ್‌ಫೀಲ್ಡಿನ ಕಡೆ, ಮಗನ ಫ್ಲ್ಯಾಟಿನಲ್ಲಿದ್ದಾನೆ. ನಾವಿಬ್ಬರೂ ಬಸವನಗುಡಿಯ ಹುಡುಗರು. 1898ರ ಪ್ಲೇಗಿನ ಹೊತ್ತಿನಲ್ಲಿ ರೂಪುಗೊಂಡ ಆ ಬಡಾವಣೆಯಲ್ಲಿ ಗುಡಿ, ಅಂಗಡಿ, ಶಾಲೆ, ಸ್ನೇಹಿತನ ಮನೆ ಎಲ್ಲವೂ ಕಾಲಿಗೆ ಎಟಕುತ್ತಿದ್ದವು. ಅವನ ಮನೆಗೂ ನಮ್ಮ ಮನೆಗೂ ನಡುವೆ ಎರಡು ಅಡ್ಡರಸ್ತೆ. ಈಗ ನಡುವೆ ಇಡೀ ಬೆಂಗಳೂರು.

ಆದರೂ 2023ರ ಅಕ್ಟೋಬರ್ 9ರಂದು ನಮ್ಮ ಪಾಲಿಗೊಂದು ಪವಾಡ ನಡೆಯಿತು. ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ, ಸುಮಾರು 43 ಕಿಲೋಮೀಟರ್, ಮೆಟ್ರೊ ನೇರಳೆ ಮಾರ್ಗ ಎಲ್ಲೂ ತುಂಡಾಗದೆ ಓಡತೊಡಗಿತು. ಕೆಂಗೇರಿಯಲ್ಲಿ ಹತ್ತಿ ಕುಳಿತರೆ ಒಂದು ತೂಕಡಿಕೆಯಷ್ಟೇ ದೂರ ಎಂದು ಹಿಗ್ಗಿದೆ. ಆದರೆ ನಿಜವಾದ ದೂರ ನಿಲ್ದಾಣದ ಮೆಟ್ಟಿಲಿಳಿದ ಮೇಲೆ ಶುರುವಾಗುವುದೆಂದು ಆಗ ತಿಳಿದಿರಲಿಲ್ಲ.

ಪ್ಲಾಟ್‌ಫಾರಂನಿಂದಲೇ ಅವನ ಕಟ್ಟಡ ಕಾಣುತ್ತದೆ. ಬಾಲ್ಕನಿಯಲ್ಲಿ ಒಣಗುವ ಪಂಚೆಯೂ ಕಾಣುತ್ತದೆ. ಆದರೆ ನಡುವೆ ಎತ್ತರದ ಕಾಂಪೌಂಡು ಗೋಡೆ. ಗೇಟು ಇರುವುದು ಆಚೆ ದಿಕ್ಕಿಗೆ. ಕಾರಿದ್ದವರಿಗೆ ಅದು ಎರಡು ತಿರುವು. ನನಗೋ, ಫುಟ್‌ಪಾತಿಲ್ಲದ ರಸ್ತೆಯಲ್ಲಿ, ನೀರಿನ ಟ್ಯಾಂಕರುಗಳ ಬಗಲಲ್ಲಿ, ಒಂದೂವರೆ ಕಿಲೋಮೀಟರಿನ ಪ್ರದಕ್ಷಿಣೆ. ಆಟೊದವನನ್ನು ಕೇಳಿದರೆ, "ಅಷ್ಟು ಹತ್ರಕ್ಕೆ ಬರಲ್ಲ ಸಾರ್" ಎನ್ನುತ್ತಾನೆ.

ಮೊದಲ ದಿನ ಗೇಟಿನ ಕಾವಲುಗಾರ ದಪ್ಪನೆಯ ಪುಸ್ತಕವೊಂದನ್ನು ಮುಂದಿಟ್ಟ. ಹೆಸರು, ಮನೆ ನಂಬರು, ಗಾಡಿ ನಂಬರು.

"ಗಾಡಿ ಇಲ್ಲಪ್ಪ" ಎಂದೆ.

ಅವನು ನನ್ನ ಬೆನ್ನ ಹಿಂದೆ ಬಗ್ಗಿ ನೋಡಿದ. "ಏನಾದ್ರೂ ಬರೀಲೇಬೇಕು ಸಾರ್, ಖಾಲಿ ಬಿಡೋ ಹಾಗಿಲ್ಲ."

"ಕಾಲು, 2" ಎಂದು ಬರೆದು ಒಳಗೆ ಹೋದೆ. ಸ್ನೇಹಿತ ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

ಆ ನಗು ಹೆಚ್ಚು ದಿನ ಉಳಿಯಲಿಲ್ಲ. ಅವನ ಕಣ್ಣಿನ ನರಕ್ಕೆ ತೊಂದರೆಯೆಂದು ಗೊತ್ತಾಯಿತು. ಹಗಲಲ್ಲಿ ನಡೆದಾಡಲು ಅಡ್ಡಿಯಿಲ್ಲ, ಕಾರನ್ನು ಮಾತ್ರ ಮುಟ್ಟಕೂಡದು ಎಂದರು ಡಾಕ್ಟರು. ಮಡಿಕೇರಿಯ ತಿರುವುಗಳಲ್ಲಿ ಒಬ್ಬನೇ ಓಡಿಸಿಕೊಂಡು ಹೋಗಿಬರುತ್ತಿದ್ದ ಗಂಡಸು, ಭಾನುವಾರ ಮಗನಿಗೆ ಬಿಡುವಾಗುವುದನ್ನೇ ಕಾಯತೊಡಗಿದ. ಅದೇ ಮಳೆಗಾಲದಲ್ಲಿ ನಾನೂ ಆ ಪ್ರದಕ್ಷಿಣೆಯ ಹಾದಿಯಲ್ಲಿ ಒಡೆದ ಚಪ್ಪಡಿಗೆ ಎಡವಿ ಮಂಡಿ ಒಡೆದುಕೊಂಡೆ. ಮೂರು ತಿಂಗಳು ಹೋಗಲಾಗಲಿಲ್ಲ. ಫೋನಿನಲ್ಲಿ ಮೊದಮೊದಲು "ಯಾವಾಗ ಬರ್ತೀಯೋ?" ಎನ್ನುತ್ತಿದ್ದವನು ಬರಬರುತ್ತಾ ಕೇಳುವುದನ್ನೇ ಬಿಟ್ಟ. ಮಂಡಿಯ ನೋವಿಗಿಂತ ಅದು ನನ್ನನ್ನು ಹೆಚ್ಚು ಹೆದರಿಸಿತು.

ಮಂಡಿ ನೆಟ್ಟಗಾದ ಮೇಲೆ ಒಂದು ಬೆಳಗ್ಗೆ ಬೇಗನೆ ಹೊರಟೆ. ನಿಲ್ದಾಣದ ಕೆಳಗೆ ಬಸ್ಸಿನಿಂದಿಳಿದ ನಾಲ್ಕಾರು ಹೆಂಗಸರು ಬಿರಬಿರನೆ ನಡೆಯುತ್ತಿದ್ದರು. ಆ ಕಟ್ಟಡದಲ್ಲಿ ಮನೆಕೆಲಸ ಮಾಡುವವರು. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ಸು ಉಚಿತವಾದಾಗಿನಿಂದ ದೂರದ ಹಳ್ಳಿಯಿಂದಲೂ ಬಂದುಹೋಗುತ್ತಾರಂತೆ. ನಾನು ಕುಂಟುತ್ತ ಎಡಕ್ಕೆ ತಿರುಗಿದ್ದನ್ನು ಕಂಡು ಒಬ್ಬಾಕೆ ಕೂಗಿದಳು:

"ಆ ಕಡೆ ಯಾಕ್ ಸುತ್ತಾಡ್ತೀರಾ ತಾತ? ನಮ್ಮ ಜೊತೆ ಬನ್ನಿ."

ಗೋಡೆಯ ಹಿಂಬದಿಯಲ್ಲಿ ಒಬ್ಬರೇ ನುಸುಳುವಷ್ಟು ಅಗಲದ ಕಬ್ಬಿಣದ ಬಾಗಿಲು. ಕೆಲಸದವರಿಗಾಗಿ ಬೆಳಗ್ಗೆ ಆರರಿಂದ ಹತ್ತು, ಸಂಜೆ ನಾಲ್ಕರಿಂದ ಆರು ತೆರೆದಿರುತ್ತದೆ. ಐದು ನಿಮಿಷದಲ್ಲಿ ನಾನು ಸ್ನೇಹಿತನ ಬಾಗಿಲಲ್ಲಿದ್ದೆ. ಇಷ್ಟು ದಿನ ನಾನು ಸವೆಸಿದ್ದು ನೆಲವನ್ನಲ್ಲ, ಗೋಡೆಯನ್ನು.

ಎಂಟು ವರ್ಷದಿಂದ ಅಲ್ಲಿರುವ ಅವನಿಗೆ ಆ ಬಾಗಿಲು ಇರುವುದೇ ಗೊತ್ತಿರಲಿಲ್ಲ. ನೆಲಮಾಳಿಗೆಯಿಂದ ಕಾರಿನಲ್ಲೇ ಹೊರಬೀಳುತ್ತಿದ್ದವನಿಗೆ ಹೇಗೆ ಕಂಡೀತು? ಸಂಜೆ ಅವನ ಕೈಹಿಡಿದು ಅದೇ ದಾರಿಯಲ್ಲಿ ನಿಲ್ದಾಣಕ್ಕೆ ಕರೆದುಕೊಂಡು ಹೋದೆ. ಟಿಕೆಟ್ಟಿನ ಯಂತ್ರದ ಮುಂದೆ ಶಾಲೆಯ ಮೊದಲ ದಿನದ ಮಗುವಿನಂತೆ ನಿಂತ. ಎರಡು ನಿಲ್ದಾಣ ಹೋಗಿ ಮರಳಿ ಬಂದೆವು. ಬಾಗಿಲು ಮುಚ್ಚುವ ಮುನ್ನ ಅವನು ಒಳಗೆ ನಡೆದ.

ಬಾಗಿಲನ್ನು ದಿನವಿಡೀ ತೆರೆದಿಡಿ ಎಂದು ನಿವಾಸಿಗಳ ಸಂಘಕ್ಕೆ ಅರ್ಜಿ ಕೊಟ್ಟ. ಭದ್ರತೆಯ ಪ್ರಶ್ನೆ, ಪರಿಶೀಲಿಸಲಾಗುವುದು ಎಂಬ ಉತ್ತರ ಬಂದಿದೆ. ಪರಿಶೀಲನೆ ನಡೆಯುತ್ತಲೇ ಇದೆ.

ಕಳೆದ ಗುರುವಾರ ಹನ್ನೊಂದೂವರೆಗೆ ನಮ್ಮ ಮನೆಯ ಗಂಟೆ ಬಾರಿಸಿತು. ಬಾಗಿಲು ತೆಗೆದರೆ ಅವನೇ! ಬೆವರಿದ್ದ, ಆದರೆ ಮುಖ ಅರಳಿತ್ತು. ಪಕ್ಕದಲ್ಲಿ ಯಾರೂ ಇರಲಿಲ್ಲ. ನನ್ನ ಬಾಯಿಂದ, ನನಗೇ ತಿಳಿಯದಂತೆ, ಆ ಹಾಳು ಪ್ರಶ್ನೆಯೇ ಹೊರಟಿತು:

"ಹೇಗೆ ಬಂದೆಯೋ?"

"ಅದಿರಲಿ, ಮೊದಲು ಕಾಫಿ ಕೊಡಿಸು," ಎಂದು ಚಪ್ಪಲಿ ಬಿಟ್ಟ. "ಆರಕ್ಕೆ ಬಾಗಿಲು ಹಾಕಿಬಿಡ್ತಾರೆ, ಮೂರೂವರೆಗೆ ಹೊರಡಬೇಕು."