ತೂಬಿನ ಮನೆಯವರು

ಲಂಡನ್ನಿನ ಥೇಮ್ಸ್ ನದಿಯಲ್ಲಿ ದೋಣಿ ನಡೆಸುವವರದೊಂದು ಹಳೆಯ ಸಂಘವಿದೆ. ಅಲ್ಲಿನ ಪಾರ್ಲಿಮೆಂಟು 1555ರಲ್ಲಿ ಮಾಡಿದ ಕಾಯಿದೆಯಿಂದ ಹುಟ್ಟಿದ್ದು. ಜನರನ್ನು ಆಚೆ ದಡಕ್ಕೆ ದಾಟಿಸುವವರು, ಹಡಗಿನ ಸರಕನ್ನು ದಡಕ್ಕೆ ತರುವವರು ಎಲ್ಲರೂ ಅದರ ಲೆಕ್ಕಕ್ಕೆ ಸೇರಿದವರು. ಹುಡುಗನೊಬ್ಬ ಈ ಕಸುಬಿಗೆ ಬಂದರೆ ಸಂಘದ ಪುಸ್ತಕದಲ್ಲಿ ಬರೆಸಲೇಬೇಕಿತ್ತು: ಯಾವತ್ತು ಸೇರಿದ, ಯಾವ ಊರಿನವನು, ಯಾರ ಕೈಕೆಳಗೆ ಕಲಿಯುತ್ತಾನೆ. ಹಾಗೆ ವರ್ಷಗಟ್ಟಲೆ ದುಡಿದು ಕಲಿತ ಮೇಲೆಯೇ ಅವನು ಸ್ವತಂತ್ರ ದೋಣಿಗಾರನಾಗುತ್ತಿದ್ದ. 1688ರಿಂದ ಈಚಿನ ಆ ಪುಸ್ತಕಗಳು ಲಂಡನ್ನಿನ ಗಿಲ್ಡ್‌ಹಾಲ್ ಗ್ರಂಥಾಲಯದಲ್ಲಿವೆ. ಎಷ್ಟೋ ಸಲ ಕಲಿಸುವ ಯಜಮಾನ ಹುಡುಗನ ಅಪ್ಪನೋ ಚಿಕ್ಕಪ್ಪನೋ ಆಗಿರುತ್ತಾನಂತೆ. ಒಂದೇ ಸಾಲಿನಲ್ಲಿ ಎರಡು ತಲೆಮಾರು ಸಿಕ್ಕಿಬಿಡುತ್ತವೆ. ಮುತ್ತಜ್ಜನ ಅಪ್ಪನನ್ನು ಹುಡುಕುವವರಿಗೆ ಇದಕ್ಕಿಂತ ದೊಡ್ಡ ನಿಧಿ ಬೇಕೇ?

ಇದನ್ನು ಓದಿದಾಗಿನಿಂದ ನನ್ನ ತಲೆಯಲ್ಲಿ ನಮ್ಮ ತಾತನೇ ಓಡಾಡುತ್ತಿದ್ದಾನೆ. ನಮ್ಮದು ಶಿಡ್ಲಘಟ್ಟದ ಕಡೆಯ, ಕೆರೆಯ ತೂಬು ಕಾದು ಗದ್ದೆಗಳಿಗೆ ನೀರು ಹಾಯಿಸುವ ನೀರುಗಂಟಿಗಳ ಮನೆ. ಊರಿನ ಹಳಬರು ಇವತ್ತಿಗೂ ನಮ್ಮನ್ನು ತೂಬಿನ ಮನೆಯವರು ಎಂದೇ ಗುರುತು ಹಿಡಿಯುತ್ತಾರೆ. ನದಿಯ ಕಸುಬು ಎಂದರೆ ನಮ್ಮ ಸೀಮೆಯಲ್ಲಿ ಇದೇ. ನಂದಿಬೆಟ್ಟದ ಆಸುಪಾಸಿನಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ, ಅರ್ಕಾವತಿ ಎಲ್ಲ ಹುಟ್ಟುತ್ತವೆ. ಹುಟ್ಟುವುದೊಂದೇ ಇಲ್ಲಿ, ಬೆಳೆದು ದೊಡ್ಡದಾಗುವುದೆಲ್ಲ ಬೇರೆ ಸೀಮೆಯಲ್ಲಿ. ದೋಣಿ ಹಾಕಿ ವ್ಯಾಪಾರ ಮಾಡುವಷ್ಟು ನೀರು ಇವುಗಳಲ್ಲಿ ಎಲ್ಲಿ ಬರಬೇಕು? ಬೆಟ್ಟದಿಂದ ಇಳಿದ ನೀರನ್ನು ಮೊದಲ ಹಳ್ಳಿಯವರೇ ಏರಿ ಕಟ್ಟಿ ನಿಲ್ಲಿಸಿಕೊಂಡರು. ಅದು ತುಂಬಿ ಕೋಡಿ ಬಿದ್ದರೆ ಕೆಳಗಿನ ಕೆರೆಗೆ, ಅದೂ ತುಂಬಿದರೆ ಇನ್ನೂ ಕೆಳಗಿನದಕ್ಕೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಲ್ಲಿ ಹೋದರೂ ನದಿ ಎಂದರೆ ಒಂದು ಕೆರೆಯ ಕೋಡಿಯಿಂದ ಇನ್ನೊಂದು ಕೆರೆಯ ಅಂಗಳಕ್ಕೆ ಹೋಗುವ ದಾರಿ. ಆ ದಾರಿಯ ಪ್ರತಿ ತೂಬಿನ ಬಳಿ ಒಬ್ಬ ನೀರುಗಂಟಿ ಇದ್ದ. ಅವನಿಗೊಬ್ಬ ಮಗ ಇದ್ದ. ಮಗ ಕಲಿತ. ಬರೆಸಿಕೊಂಡವರು ಯಾರು?

ಕಲ್ಲಿನಲ್ಲಿ ಸಿಗುತ್ತದೇನೋ ಎಂದು ಮೊದಲು ಶಾಸನಗಳ ಕಡೆ ಹೋದೆ. ಬಿ. ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹತ್ತನೆಯ ಸಂಪುಟ 1905ರಲ್ಲಿ ಬಂದದ್ದು, ಕೋಲಾರ ಜಿಲ್ಲೆಯದು. ನಮ್ಮ ನಾಲ್ಕು ತಾಲೂಕುಗಳೂ ಆಗ ಕೋಲಾರಕ್ಕೇ ಸೇರಿದ್ದವು, ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಆ ಸಂಪುಟದಲ್ಲಿ ಗೌರಿಬಿದನೂರು ತಾಲೂಕಿನ 1388ರ ಶಾಸನವೊಂದಿದೆ. ನನಗೆ ಅದನ್ನು ಎಷ್ಟು ಸಲ ಓದಿದರೂ ಸಾಲದು. ವಿಜಯನಗರದ ಎರಡನೆಯ ಹರಿಹರನ ಮಗ ಬುಕ್ಕರಾಯ ಪೆನುಗೊಂಡೆಯಲ್ಲಿದ್ದಾಗ, ಜನ ಸುಖವಾಗಿರಬೇಕು, ನೀರೇ ಜೀವಿಗಳ ಪ್ರಾಣ ಎಂದು ಎಣಿಸಿ, ಹೆನ್ನೆಯ ನದಿಯನ್ನು ಪೆನುಗೊಂಡೆಗೆ ತರಬೇಕೆಂದು ಅಪ್ಪಣೆ ಮಾಡುತ್ತಾನೆ. ಹೆನ್ನೆ ಎಂದರೆ ನಮ್ಮ ಉತ್ತರ ಪಿನಾಕಿನಿಯೇ. ಅಪ್ಪಣೆ ಹೊತ್ತವನು ಜಲಸೂತ್ರ ಬಲ್ಲ ಸಿಂಗಾಯಭಟ್ಟ. ಅವನು ಕಾಲುವೆ ತೋಡಿಸಿ ಸಿರುವರದ ಕೆರೆಗೆ ನೀರು ತಂದು, ಕಾಲುವೆಗೆ ದೊರೆಯ ಹೆಸರಿಟ್ಟು, ಶಾಸನ ಬರೆಸುತ್ತಾನೆ. ಆರು ಶತಮಾನದ ಹಿಂದಿನ ಒಬ್ಬ ನೀರಿನ ಎಂಜಿನಿಯರ ಹೆಸರು ಸಮೇತ ಎದುರಿಗೆ ಬಂದು ನಿಂತಂತಾಗುತ್ತದೆ! ಇನ್ನೂ ಎಷ್ಟೋ ಶಾಸನಗಳಲ್ಲಿ ಕೆರೆ ಕಟ್ಟಿಸಿದವರಿಗೆ ಕಟ್ಟುಕೊಡಗೆ ಕೊಟ್ಟದ್ದು, ದಶವಂದದ ಗದ್ದೆ ಬಿಟ್ಟದ್ದು, ಅದಕ್ಕೆ ತಪ್ಪಿದವರಿಗೆ ಶಾಪ ಹಾಕಿದ್ದು ಎಲ್ಲ ಇದೆ. ದೊರೆ ಇದ್ದಾನೆ, ಗೌಡ ಇದ್ದಾನೆ, ಕಟ್ಟಿಸಿದ ಪುಣ್ಯವಂತ ಇದ್ದಾನೆ. ಆ ಕಾಲುವೆಯಲ್ಲಿ ಮಾರನೆಯ ದಿನದಿಂದ ನೀರು ಹಾಯಿಸಿದವನು ನಾನು ಓದಿದ ಕಲ್ಲುಗಳಲ್ಲಿ ಇಲ್ಲ. ನನಗೆ ಬೇಕಾದವನು ಅವನು.

ಅವನು ಸಿಕ್ಕಿದ್ದು ತಾಲೂಕು ಕಚೇರಿಯ ರೆಕಾರ್ಡು ರೂಮಿನಲ್ಲಿ. ನೀರುಗಂಟಿಗೆ ಸಂಬಳವೆಂದು ರೊಕ್ಕ ಕೊಟ್ಟವರಿಲ್ಲ. ತೋಟಿ, ತಳವಾರರ ಹಾಗೆ ಅವನಿಗೂ ಚಾಕರಿಗೆ ಬದಲಾಗಿ ಒಂದಿಷ್ಟು ಇನಾಮು ಜಮೀನು, ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಒಂದು ಹೊರೆ, ಇಷ್ಟೇ. ಜಮೀನು ಇದ್ದ ಕಡೆ ಲೆಕ್ಕ ಇರಲೇಬೇಕಲ್ಲ! 1908ರಲ್ಲಿ ಮೈಸೂರು ಸರ್ಕಾರ ಗ್ರಾಮ ಹುದ್ದೆಗಳಿಗೆ ಕಾಯಿದೆ ಮಾಡಿ, ವಂಶಪಾರಂಪರ್ಯದ ಈ ಕೆಲಸ ಯಾರಿಂದ ಯಾರಿಗೆ ಹೋಗಬೇಕೆಂದು ಗೊತ್ತುಮಾಡಿತು. 1961ರ ಇನ್ನೊಂದು ಕಾಯಿದೆ ಆ ಹುದ್ದೆಗಳನ್ನು ರದ್ದು ಮಾಡಿತು, ಅದು ಜಾರಿಗೆ ಬಂದದ್ದು 1963ರಲ್ಲಿ. ಹುದ್ದೆ ಹೋಯಿತು, ಜಮೀನನ್ನು ಮಾತ್ರ ಹಿಡುವಳಿದಾರರಿಗೆ ಮರುಮಂಜೂರು ಮಾಡಿದರು. ಮಂಜೂರಾಗಬೇಕಾದರೆ ನೀನು ಯಾರ ಮಗ, ನಿನ್ನ ತಾತ ಯಾರು ಎಂದು ತೋರಿಸಬೇಕಿತ್ತು. ಹುದ್ದೆಯನ್ನು ಕೊನೆಗಾಣಿಸಿದ ಕಾಯಿದೆಯೇ ಆ ಹುದ್ದೆಯವರ ವಂಶವನ್ನು ಕಾಗದಕ್ಕೆ ಇಳಿಸಿತು. ನನ್ನ ಕಣ್ಣಿಗೆ ಅದು ಸಣ್ಣ ಉಪಕಾರವಲ್ಲ.

ನಮ್ಮ ಮನೆಯ ಕಡತದಲ್ಲಿರುವ ವಂಶವೃಕ್ಷದ ಹಾಳೆ ಕಂದು ಬಣ್ಣಕ್ಕೆ ತಿರುಗಿದೆ, ಮಡಿಕೆಯ ಗೆರೆಯಲ್ಲಿ ಬೆಳಕು ಹಾಯುತ್ತದೆ. ನೀಲಿ ಮಸಿಯ ದುಂಡು ಅಕ್ಷರ ಶಾನುಭೋಗರದು. ಮೇಲೆ ಒಂದು ಹೆಸರು, ಅದರ ಕೆಳಗೊಂದು ಅಡ್ಡಗೆರೆ, ಗೆರೆಯಿಂದ ಇಳಿದ ಮೂರು ಕಡ್ಡಿ, ಪ್ರತಿ ಕಡ್ಡಿಯ ತುದಿಯಲ್ಲಿ ಒಬ್ಬ ಮಗ. ಇಂಥವನು ಬಿನ್ ಇಂಥವನು, ಬಿನ್ ಇಂಥವನು. ತೀರಿಕೊಂಡವರ ಹೆಸರಿನ ಪಕ್ಕದಲ್ಲಿ 'ಮೃತ' ಎಂದಿದೆ. ಕೆಳಗೆ ತಾತನ ಹೆಬ್ಬೆಟ್ಟು. ಗೆರೆಗಳು ಎಷ್ಟು ಸ್ಪಷ್ಟವಾಗಿವೆ ಎಂದರೆ ಬೆರಳಿನ ನಡುವೆ ಅಡ್ಡ ಹಾದ ಗಾಯದ ಗುರುತೂ ಕಾಣುತ್ತದೆ. ಆ ಗಾಯ ತೂಬಿನ ಕಲ್ಲಿಗೆ ಸಿಕ್ಕಿ ಆದದ್ದೆಂದು ಅಪ್ಪ ಹೇಳುತ್ತಿದ್ದರು. ಒಂದು ಮಾತು ಇಲ್ಲಿ ಹೇಳಬೇಕು. ನಮ್ಮ ಕಡೆ ತಾತನ ಹೆಸರನ್ನು ಮೊಮ್ಮಗನಿಗೆ ಇಡುತ್ತಾರೆ. ಮುನಿಯಪ್ಪ, ಮುನಿಶಾಮಿ, ಮುನಿವೆಂಕಟಪ್ಪ ಸುತ್ತಿ ಸುತ್ತಿ ಬರುತ್ತವೆ. ಪಹಣಿಯಲ್ಲಿ ಒಂದೇ ಹೆಸರು ಕಂಡರೆ ಅದು ತಾತನೋ ಮೊಮ್ಮಗನೋ ತಿಳಿಯುವುದಿಲ್ಲ. ಆಗ ಕೈಹಿಡಿಯುವುದು ಆ ಎರಡಕ್ಷರದ 'ಬಿನ್' ಒಂದೇ.

ಇಷ್ಟಾದರೂ ಆ ಹಾಳೆಯಲ್ಲಿ ಕಲಿಕೆ ಇಲ್ಲ. ಥೇಮ್ಸ್ ಪುಸ್ತಕದಲ್ಲಿ ಹುಡುಗ ಕಲಿಯಲು ಬಂದ ದಿನ ಇದೆ, ನಮ್ಮಲ್ಲಿ ಅವನು ವಾರಸುದಾರನಾದ ದಿನ ಮಾತ್ರ ಇದೆ. ನಡುವೆ ನಡೆದದ್ದಕ್ಕೆ ಬಾಯಿಮಾತೇ ಗತಿ. ಅಪ್ಪ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಎಂಟು ಹತ್ತು ವರ್ಷದವರಿದ್ದಾಗ ಅವರನ್ನು ತಾತ ಮೊದಲು ಏರಿಯ ಮೇಲೆ ನಡೆಸುತ್ತಿದ್ದನಂತೆ, ಬರೀ ನಡೆಸುತ್ತಿದ್ದನಂತೆ. ಏಡಿ ಬಿಲ ಎಲ್ಲಿ, ಹೆಗ್ಗಣ ತೋಡಿದ್ದೆಲ್ಲಿ, ಬೇಸಿಗೆಯಲ್ಲೂ ಏರಿಯ ಹಿಂಬದಿ ಹಸಿ ಇರುವ ಜಾಗ ಯಾವುದು ಎಂದು ಕೇಳುವುದು. ಹಸಿ ಕಂಡರೆ ಆ ನೀರು ತಿಳಿಯಾಗಿದೆಯೋ ಕದಡಿದೆಯೋ ನೋಡಬೇಕು. ತಿಳಿಯಾದರೆ ಜಿನುಗು, ಕದಡಿದ್ದರೆ ಏರಿಯ ಮಣ್ಣು ಒಳಗಿನಿಂದಲೇ ಹೋಗುತ್ತಿದೆ ಎಂದು ಅರ್ಥ. ಅಂಥ ರಾತ್ರಿ ತಮಟೆ ಬಡಿದು ಊರನ್ನೇ ಎಬ್ಬಿಸಬೇಕು.

ಆಮೇಲೆ ತೂಬು. ಕೆರೆಯೊಳಗೆ ನಿಂತ ಎರಡು ಕಲ್ಲುಕಂಬ, ನಡುವೆ ತೂತಿರುವ ಅಡ್ಡಕಲ್ಲು, ಅದರಲ್ಲಿ ಇಳಿಬಿಟ್ಟ ಮರದ ಗಳು, ಗಳುವಿನ ತುದಿಗೆ ಬಿರಡೆ. ಈಜಿಕೊಂಡು ಹೋಗಿ ಗಳುವನ್ನು ಎತ್ತಬೇಕು. ಎಷ್ಟು ಎತ್ತಿದರೆ ಎಷ್ಟು ನೀರು ಎಂಬುದು ತೋಳಿಗೆ ಗೊತ್ತಾಗಬೇಕು. ನೀರು ಕಡಿಮೆ ಇದ್ದ ವರ್ಷ ಅಚ್ಚುಕಟ್ಟಿನ ಎಷ್ಟು ಗದ್ದೆಗೆ ನಾಟಿ ಎಂದು ಊರವರು ಕೂತು ತೀರ್ಮಾನ ಮಾಡುವಾಗ, ಎಲ್ಲರೂ ನೀರುಗಂಟಿಯ ಮುಖ ನೋಡುತ್ತಿದ್ದರಂತೆ. ಕೆರೆಯಲ್ಲಿ ಇನ್ನು ಎಷ್ಟು ದಿನದ ನೀರಿದೆ ಎಂದು ಹೇಳಬಲ್ಲವನು ಅವನೊಬ್ಬನೇ. ಊರ ಹೊರಗಿನ ಕೇರಿಯಲ್ಲಿ ಮನೆ, ದೇವಸ್ಥಾನದ ಒಳಗೆ ಕಾಲಿಡುವ ಹಾಗಿಲ್ಲ, ಆದರೆ ನೀರಿನ ಮಾತಿಗೆ ಅವನ ಮಾತೇ ಕೊನೆ. ಈ ಎರಡೂ ಒಟ್ಟಿಗೆ ಹೇಗಿದ್ದವು ಎಂದು ನೆನೆದರೆ ನನಗೆ ಹೆಮ್ಮೆಯೂ ಸಂಕಟವೂ ಒಟ್ಟಿಗೇ ಬರುತ್ತವೆ.

"ನೀರು ಬಿಡೋದು ಯಾರಿಗಾದ್ರೂ ಬತ್ತದೆ ಮಗಾ, ನಿಮ್ಮ ತಾತ ನಿಲ್ಸೋದು ಕಲ್ಸಿದ್ರು" ಎಂದು ಅಜ್ಜಿ ಅನ್ನುತ್ತಿದ್ದಳು. ನಿಲ್ಲಿಸುವುದು ಕಷ್ಟ. ಕೊನೆಯ ಗದ್ದೆಗೆ ತಲುಪುವ ಮೊದಲೇ ತೂಬು ಮುಚ್ಚಬೇಕು, ಕಾಲುವೆಯಲ್ಲಿ ಉಳಿದ ನೀರು ಹರಿದು ಅಲ್ಲಿಗೆ ಮುಟ್ಟುತ್ತದೆ. ಮೇಲಿನ ಗದ್ದೆಯ ದೊಡ್ಡವರು ಇನ್ನೊಂದು ಗಳಿಗೆ ಬಿಡು ಎಂದು ಗದರಿದರೂ ಮುಚ್ಚಬೇಕು. ತಾತ ಜ್ವರ ಬಂದು ಮಲಗಿದ ವರ್ಷ ಲಾಂದ್ರ ಹಿಡಿದು ರಾತ್ರಿಯೆಲ್ಲ ಗದ್ದೆಗಳಿಗೆ ನೀರು ಕಟ್ಟಿದವಳು ಅಜ್ಜಿಯೇ. ವಂಶವೃಕ್ಷದ ಹಾಳೆಯಲ್ಲಿ ಅವಳಿಗೆ ಕಡ್ಡಿ ಇಲ್ಲ. ಬೇರೊಂದು ಕಾಗದದಲ್ಲಿ ತಾತನ 'ಕೋಂ', ಅಂದರೆ ಹೆಂಡತಿ, ಎಂದು ಒಂದೇ ಕಡೆ ಬಂದಿದ್ದಾಳೆ. ನನ್ನ ಪ್ರತಿಯಲ್ಲಿ ಅವಳಿಗೆ ಪೆನ್ಸಿಲಿನಿಂದ ಒಂದು ಕಡ್ಡಿ ಎಳೆದಿದ್ದೇನೆ. ಸರ್ಕಾರಿ ಕಡತಕ್ಕೆ ಅದು ಸಲ್ಲದು, ನನಗೆ ಸಲ್ಲುತ್ತದೆ.

ಒಕ್ಕಲಿಗರ ಕೇರಿಗೆ ಹೆಳವರು ಬರುತ್ತಿದ್ದುದನ್ನೂ ಅಜ್ಜಿ ಹೇಳುತ್ತಿದ್ದಳು. ಎತ್ತಿನ ಮೇಲೆ ಕೂತು, ದೊಡ್ಡ ಗಂಟೆ ಬಾರಿಸುತ್ತ, ಸುಗ್ಗಿ ಮುಗಿದ ಮೇಲೆ ಬರುವರು. ಮನೆಮುಂದೆ ನಿಂತು ಆ ಮನೆತನದ ಮೂಲಪುರುಷನಿಂದ ಹಿಡಿದು ತೊಟ್ಟಿಲ ಮಗುವಿನವರೆಗೆ ಹೆಸರು ಒಪ್ಪಿಸುವರು, ರಾಗಿ, ಬಟ್ಟೆ, ಕೈಬಂದರೆ ಕರು, ಇಸಕೊಂಡು ಹೋಗುವರು. ನಮ್ಮ ಕೇರಿಗೆ ಯಾರೂ ಬರಲಿಲ್ಲ. ಅಜ್ಜಿ ಆಲದ ಮರದ ಕೆಳಗೆ ನಿಂತು ಬೇರೆಯವರ ತಾತಂದಿರ ಹೆಸರು ಕೇಳಿಸಿಕೊಂಡು ಬರುತ್ತಿದ್ದಳು. ಕೆಲವರ ಮೂಲ ಹೇಳಲು ಹೆಳವರೂ ಬೇಕಿಲ್ಲ: ಇದೇ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಮೊದಲಿಗೇ ಮೋಕ್ಷಗುಂಡಂ ಕೂತಿದೆ. ಆಂಧ್ರದ ಆ ಊರಿನಿಂದ ಅವರ ಹಿರೀಕರು ಬಂದದ್ದೆಂದು ಹೆಸರೇ ಹೇಳುತ್ತದೆ. ನಾಡಿನ ಅತಿ ದೊಡ್ಡ ನೀರಿನ ಎಂಜಿನಿಯರರ ಮೂಲ ಎಳೆಯ ಮಕ್ಕಳಿಗೂ ಗೊತ್ತು. ಅವರ ಊರಿನಿಂದ ಬಹುದೂರವೇನೂ ಇಲ್ಲದ ತೂಬುಗಳನ್ನು ಕಾದವರ ಮೂಲವೂ ಗೊತ್ತಾಗಬೇಕೆಂದು ನಾನು ಬಯಸುವುದರಲ್ಲಿ ತಪ್ಪೇನಿದೆ?

ಅದಕ್ಕೇ ಈ ಸೀಮೆಯ ನನ್ನ ಜನಕ್ಕೆ ಸಿಕ್ಕಸಿಕ್ಕಲ್ಲಿ ಹೇಳುತ್ತಿರುತ್ತೇನೆ: ಮರುಮಂಜೂರಿಯ ಕಡತ ಕೇಳಿ, ದೃಢೀಕೃತ ನಕಲು ತೆಗೆಸಿಕೊಳ್ಳಿ. ನಾಡಕಚೇರಿ ಈಗ ಕೊಡುವ ವಂಶವೃಕ್ಷ ಪತ್ರ ಕೆಲವೇ ತಲೆಮಾರಿಗೆ ನಿಂತುಬಿಡುತ್ತದೆ, ಹಳೆಯ ಕಡತ ಅದಕ್ಕಿಂತ ಹಿಂದಕ್ಕೆ ಹೋಗುತ್ತದೆ. ಹಾಳೆ ಪುಡಿಯಾಗುವ ಮುಂಚೆ, ಕೇಳಿದರೆ ಹೇಳುವ ಅಜ್ಜಿಯರು ಇರುವಾಗಲೇ ಕಡತವನ್ನೂ ಬಾಯಿಮಾತನ್ನೂ ಕೂಡಿಸಬೇಕು.

ಹುದ್ದೆ ಹೋದರೂ ನೀರುಗಂಟಿ ಎಂಬ ಕೆಲಸ ಹೋಗಿಲ್ಲ. ಗ್ರಾಮ ಪಂಚಾಯಿತಿಯಲ್ಲಿ ಬೋರ್‌ವೆಲ್ ಮೋಟರು ಹಾಕಿ, ವಾಲ್ವ್ ತಿರುಗಿಸಿ ಬೀದಿಬೀದಿಗೆ ನೀರು ಬಿಡುವವನನ್ನು ಇವತ್ತಿಗೂ ಹಾಗೇ ಕರೆಯುತ್ತಾರೆ. ನಮ್ಮ ದೊಡ್ಡಪ್ಪನ ಮೊಮ್ಮಗ ಈಗ ಆ ಕೆಲಸದಲ್ಲಿದ್ದಾನೆ, ಹಾಜರಿ ಪುಸ್ತಕದಲ್ಲಿ ಪ್ರತಿ ತಿಂಗಳೂ ಅವನ ಹೆಸರಿದೆ. ಬೆಂಗಳೂರಿನ ಹೆಬ್ಬಾಳ, ನಾಗವಾರದ ಕಡೆಯಿಂದ ಶುದ್ಧೀಕರಿಸಿದ ನೀರು ಕೊಳವೆಯಲ್ಲಿ ಬಂದು ಚಿಕ್ಕಬಳ್ಳಾಪುರದ ಕಂದವಾರ ಕೆರೆ ತುಂಬಿದಾಗ ಅವನು ಹೋಗಿ ನೋಡಿಬಂದ. "ಚಿಕ್ಕಪ್ಪ, ಕೆರೆ ತುಂಬೈತೆ, ಏರಿ ಮೇಲೆಲ್ಲ ಗಿಡ ಬೆಳದೈತೆ. ಬೇರು ಒಳಕ್ಕೋದ್ರೆ ಏನಾಯ್ತದೆ ಅಂತ ಯಾರಿಗೂ ಗ್ಯಾನ ಇಲ್ಲ" ಎಂದ. ಅವನಿಗೆ ಇದನ್ನು ಯಾರು ಕಲಿಸಿದರೋ ನಾನು ಕೇಳಲಿಲ್ಲ.

ನಮ್ಮ ಹಾಳೆಯ ತುದಿಯಲ್ಲಿರುವ ಹೆಸರಿಗೆ 'ಬಿನ್' ಇಲ್ಲ. ಅದರ ಪಕ್ಕದಲ್ಲಿ ಚಿಂತಾಮಣಿ ತಾಲೂಕಿನ ಒಂದು ಹಳ್ಳಿಯ ಹೆಸರಿದೆ, ಅಲ್ಲಿಂದ ಬಂದವನು ಎಂದು. ಆ ಹಳ್ಳಿಗೂ ಒಂದು ಕೆರೆಯಿದೆ, ಎರಡು ತೂಬು. ಚಿಂತಾಮಣಿಯ ಕಚೇರಿಯಲ್ಲಿ ಅಲ್ಲಿನ ನೀರುಗಂಟಿ ಇನಾಮಿನ ಕಡತಕ್ಕೆ ಅರ್ಜಿ ಹಾಕಿದ್ದೇನೆ. ದೊಡ್ಡಪ್ಪನ ಮೊಮ್ಮಗನೂ ಜತೆಗೆ ಬರುತ್ತೇನೆ ಎಂದಿದ್ದಾನೆ, ಕಡತ ಸಿಗುವವರೆಗೆ ಆ ಎರಡು ತೂಬು ನೋಡಿಕೊಂಡು ಬರೋಣವಂತೆ.