ಕೂಡಿ ನುಡಿಸುವ ವಿದ್ಯೆ

ಒಬ್ಬನೇ ನುಡಿಸಿ ಸಭೆಯನ್ನು ತಣಿಸುವ ವಿದ್ಯೆ ಒಂದು. ನಾಲ್ವರು ಒಟ್ಟಿಗೆ ಕುಳಿತು, ಒಬ್ಬರ ನಾದಕ್ಕೆ ಇನ್ನೊಬ್ಬರು ಕಿವಿಗೊಡುತ್ತ ನುಡಿಸುವ ವಿದ್ಯೆ ಮತ್ತೊಂದು. ಈ ಎರಡನೆಯದನ್ನು ಪಾಶ್ಚಾತ್ಯರು ಚೇಂಬರ್ ಸಂಗೀತವೆಂದು ಕರೆಯುತ್ತಾರೆ. ದೊಡ್ಡ ಸಭಾಂಗಣಕ್ಕಾಗಿ ಅಲ್ಲ, ಮನೆಯ ಕೊಠಡಿಗಾಗಿ ಹುಟ್ಟಿದ ಸಂಗೀತವದು. ಎರಡು ಪಿಟೀಲು, ತುಸು ದೊಡ್ಡದಾದ ವಿಯೋಲ, ಮಂದ್ರನಾದದ ಚೆಲ್ಲೊ ಇವು ಕೂಡಿದ ಸ್ಟ್ರಿಂಗ್ ಕ್ವಾರ್ಟೆಟ್ ಅದರ ಮುಖ್ಯ ರೂಪ. ಅಲ್ಲಿ ಕೋಲು ಹಿಡಿದು ಮೇಳವನ್ನು ನಡೆಸುವ ನಿರ್ದೇಶಕನಿಲ್ಲ. ಜರ್ಮನ್ ಕವಿ ಗಯಟೆ 1829ರಲ್ಲಿ ಬರೆದ ಒಂದು ಪತ್ರದಲ್ಲಿ ಇದನ್ನು ನಾಲ್ವರು ವಿವೇಕಿಗಳ ಸಂಭಾಷಣೆಗೆ ಹೋಲಿಸಿದನು.

ವಿಶ್ವವಿದ್ಯಾಲಯಗಳಲ್ಲಿ ಈ ವಿದ್ಯೆಯನ್ನು ಬೋಧಿಸುವಾಗ ಎದುರಾಗುವ ತೊಡಕು ಸಣ್ಣದಲ್ಲ. ವಿದ್ಯಾರ್ಥಿಯು ಬಾಲ್ಯದಿಂದಲೂ ಏಕಾಂತದಲ್ಲಿ ಸಾಧನೆ ಮಾಡಿದವನು. ಪ್ರವೇಶ ಪರೀಕ್ಷೆ, ಬಹುಮಾನ, ಅಂಕ ಎಲ್ಲವೂ ಅವನೊಬ್ಬನ ಕೈಚಳಕಕ್ಕೆ ಸಂದವುಗಳು. ಅವನ ಮುಂದಿರುವ ಹಾಳೆಯಲ್ಲಿಯೂ ಅವನ ಪಾಲಿನ ಸ್ವರಗಳು ಮಾತ್ರ ಇರುತ್ತವೆ. ಹೀಗಾಗಿ ನಾಲ್ವರೂ ತಪ್ಪಿಲ್ಲದೆ ನುಡಿಸಿದರೂ ಸಂಗೀತವು ಒಂದಾಗುವುದಿಲ್ಲ. ಆಗ ಅಧ್ಯಾಪಕರು ಅವರನ್ನು ತಡೆದು, ಇಲ್ಲಿ ಮೆಲ್ಲಗೆ, ಅಲ್ಲಿ ಗಟ್ಟಿಯಾಗಿ ಎಂದು ತಿದ್ದುತ್ತಾರೆ. ಶಿಷ್ಯರು ವಿಧೇಯತೆಯಿಂದ ಹಾಗೆಯೇ ಮಾಡುತ್ತಾರೆ. ಹೊಸ ಕೃತಿ ಬಂದೊಡನೆ ಮತ್ತೆ ಗುರುಗಳ ಮುಖವನ್ನೇ ನೋಡುತ್ತಾರೆ. ಗುರುವಿನ ಕಿವಿ ಎರವಲು ದೊರೆಯಿತೇ ಹೊರತು ಶಿಷ್ಯನ ಕಿವಿ ತೆರೆಯಲಿಲ್ಲ.

ಇನ್ನೊಂದು ನೋವೂ ಉಂಟು. ಎರಡನೆಯ ಪಿಟೀಲು ದೊರೆತವನು ತನ್ನನ್ನು ಎರಡನೆಯ ದರ್ಜೆಯವನೆಂದು ಭಾವಿಸಿ ಕುಗ್ಗುತ್ತಾನೆ. ಇತಿಹಾಸವು ಅದನ್ನು ಒಪ್ಪುವುದಿಲ್ಲ. 1784ರಲ್ಲಿ ವಿಯೆನ್ನಾದ ಒಂದು ಮನೆಯಲ್ಲಿ ಹೈಡನ್ ಮೊದಲನೆಯ ಪಿಟೀಲನ್ನು ನುಡಿಸಿದಾಗ, ಮೊತ್ಸಾರ್ಟ್ ನಡುವಿನ ದನಿಯಾದ ವಿಯೋಲವನ್ನು ಹಿಡಿದು ಕುಳಿತಿದ್ದನು. 1976ರಲ್ಲಿ ಅಮೆರಿಕದಲ್ಲಿ ಆರಂಭವಾಗಿ 2023ರಲ್ಲಿ ವಿರಮಿಸಿದ ಎಮರ್ಸನ್ ಕ್ವಾರ್ಟೆಟ್‌ನಲ್ಲಿ ಯೂಜೀನ್ ಡ್ರಕರ್ ಮತ್ತು ಫಿಲಿಪ್ ಸೆಟ್ಜರ್ ಪಿಟೀಲಿನ ಎರಡೂ ಸ್ಥಾನಗಳನ್ನು ಸರದಿಯಂತೆ ಹಂಚಿಕೊಂಡರು.

ಬೋಧನೆಯನ್ನು ತಿದ್ದುವ ದಾರಿ ಇಲ್ಲಿಯೇ ಇದೆ. ಮೊದಲನೆಯದಾಗಿ, ನಾಲ್ಕು ಪಾಲುಗಳೂ ಒಂದೇ ಪುಟದಲ್ಲಿರುವ ಪೂರ್ಣ ಸ್ವರಲಿಪಿಯನ್ನು ಪ್ರತಿಯೊಬ್ಬನೂ ಓದಬೇಕು. ಇನ್ನೊಬ್ಬನ ಪಾಲನ್ನು ಬಾಯಲ್ಲಿ ಹಾಡಿ ತೋರಿಸಬೇಕು. ಎರಡನೆಯದಾಗಿ, ಪಿಟೀಲಿನವರು ಸ್ಥಾನ ಬದಲಿಸಿ ನುಡಿಸಬೇಕು. ಮೂರನೆಯದಾಗಿ, ಅಧ್ಯಾಪಕರು ತಿದ್ದುವ ಮೊದಲು ತಮಗೆ ಕೇಳಿಸಿದ್ದನ್ನು ಶಿಷ್ಯರೇ ಹೇಳುವಂತೆ ಸ್ವಲ್ಪ ಹೊತ್ತು ಮೌನವಾಗಿರಬೇಕು. ಒಂದೇ ತಂಡ ವರ್ಷವಿಡೀ ಉಳಿಯಬೇಕು. ಕಡೆಯ ದಿನದ ಕಛೇರಿಯಷ್ಟೇ ಅಲ್ಲದೆ ಅಭ್ಯಾಸದ ಬಗೆಯೂ ಮೌಲ್ಯಮಾಪನಕ್ಕೆ ಒಳಗಾಗಬೇಕು.

ಇದಕ್ಕೆ ಮೇಲ್ಪಂಕ್ತಿಯಿಲ್ಲದಿಲ್ಲ. ಅಮೆರಿಕದ ವರ್ಮಾಂಟ್ ರಾಜ್ಯದ ಮಾರ್ಲ್‌ಬೊರೊ ಎಂಬ ಊರಿನಲ್ಲಿ ಪಿಯಾನೊ ವಾದಕ ರುಡಾಲ್ಫ್ ಸರ್ಕಿನ್ ಮೊದಲಾದವರು 1951ರಲ್ಲಿ ಬೇಸಗೆಯ ಸಂಗೀತ ಕೂಟವೊಂದನ್ನು ಸ್ಥಾಪಿಸಿದರು. ಅಲ್ಲಿ ಹಿರಿಯ ಕಲಾವಿದರು ಎದುರು ನಿಂತು ಬೋಧಿಸುವುದಿಲ್ಲ. ಕಿರಿಯರ ಪಕ್ಕದಲ್ಲಿ ಕುಳಿತು ತಾವೂ ನುಡಿಸುತ್ತಾರೆ. ವಾರಗಟ್ಟಲೆ ಅಭ್ಯಾಸ ನಡೆದು ಕೃತಿ ಪಕ್ವವಾದರೆ ಮಾತ್ರ ಅದು ವೇದಿಕೆಗೆ ಬರುತ್ತದೆ. 1964ರಲ್ಲಿ ಹುಟ್ಟಿದ ಪ್ರಸಿದ್ಧ ಗ್ವಾರ್ನೇರಿ ಕ್ವಾರ್ಟೆಟ್ ಈ ಕೂಟದ ಫಲವೇ ಆಗಿದೆ.

ಸಂಗೀತ ಕಲಿತವರಲ್ಲಿ ಏಕಾಂಗಿಯಾಗಿ ವೇದಿಕೆಯೇರಿ ಕೀರ್ತಿ ಗಳಿಸುವವರು ಎಲ್ಲಿಯೂ ಕೆಲವರೇ. ಉಳಿದವರು ಶಿಕ್ಷಕರಾಗಿ, ಮೇಳದ ವಾದಕರಾಗಿ, ರಸಿಕ ಗೃಹಸ್ಥರಾಗಿ ಬಾಳುತ್ತಾರೆ. ಕೇಳುವುದನ್ನು ಕಲಿಯದಿದ್ದರೆ ಅವರ ಪಾಲಿಗೆ ಪದವಿಯೊಡನೆಯೇ ಸಂಗೀತವೂ ಮುಗಿಯುವುದು. ಕಲಿತಿದ್ದರೆ ಮೂವರು ಗೆಳೆಯರು ದೊರೆತಲ್ಲೆಲ್ಲ ಅದು ಮತ್ತೆ ಚಿಗುರುವುದು. ಅನುಭವ ಮಂಟಪದ ನೆನಪನ್ನು ಹೊತ್ತ ನಾಡಿಗೆ ಈ ತತ್ತ್ವ ಅಪರಿಚಿತವಲ್ಲ. ಕೂಡಿ ಕುಳಿತಲ್ಲಿ ಆಡುವ ಮಾತಿನಷ್ಟೇ ಆಲಿಸುವ ಕಿವಿಯೂ ದೊಡ್ಡದು. ಆ ಕಿವಿಯನ್ನು ತೆರೆಯಿಸುವುದೇ ಗುರುವಿನ ಕಾಯಕ.